ಬೆನ್ನು ಬಾಗಿದ ಮಾವನವರಿಗೆ ಸ್ವೆಟರ್: ಪ್ಯಾಟರ್ನಿನಲ್ಲಿ ಎಲ್ಲೆಲ್ಲಿ ಬದಲಾಯಿಸಬೇಕು?

ಬೀದರ್ ಸೊಸೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಒಂದು ಸ್ವೆಟರ್ ಹೆಣೆಯಬೇಕು ಅಂತ ಕೂತಿದ್ದೇನೆ. ಮುಂದೆ ಬಟನ್ ಇರೋದು, ವಿ ಕುತ್ತಿಗೆ, ಪೂರ್ತಿ ತೋಳು. ಹೆಣಿಗೆ ನನಗೆ ಹೊಸದಲ್ಲ. ಮಕ್ಕಳಿಗೆ ಟೋಪಿ, ಸಾಕ್ಸ್, ಸ್ವೆಟರ್ ಎಲ್ಲ ಹಾಕಿದ್ದೇನೆ. ಆದರೆ ಇಲ್ಲಿಯವರೆಗೂ ಪ್ಯಾಟರ್ನಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೆಣೆದಿದ್ದೇನೆ. ಈ ಸಲ ಹಾಗೆ ಮಾಡಿದರೆ ನಡೆಯೋದಿಲ್ಲ.

ಮಾವನವರಿಗೆ 78 ವರ್ಷ. ಮಾಸ್ತರಿಕೆ ಮಾಡಿ ನಿವೃತ್ತರಾದವರು. ಬೆನ್ನು ಮೇಲ್ಗಡೆ ಚೆನ್ನಾಗಿ ಬಾಗಿದೆ. ತಲೆ ಸ್ವಲ್ಪ ಮುಂದಕ್ಕೆ ಬಂದಿದೆ. ಎಷ್ಟೇ ಥಂಡಿ ಇದ್ದರೂ ಬೆಳಿಗ್ಗೆ ಪಾಪನಾಶ ಗುಡಿಗೆ ನಡೆದು ಹೋಗೋದು ಬಿಡುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೀದರಿನ ಬೆಳಗಿನ ಗಾಳಿ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ರಸ್ತೆ ಬದಿ ಕೂಡುವ ಸ್ವೆಟರ್ ಅಂಗಡಿಗಳಲ್ಲಿ ಕೊಂಡದ್ದು ಯಾವುದೂ ಅವರಿಗೆ ಸರಿಯಾಗಿ ಕೂಡೋದಿಲ್ಲ. ಹಿಂದೆ ಮೇಲಕ್ಕೆ ಎಳೆದುಕೊಳ್ಳುತ್ತೆ, ಸೊಂಟಕ್ಕೆ ಗಾಳಿ ಬಡಿಯುತ್ತೆ. ಮುಂದೆ ಹೊಟ್ಟೆ ಮೇಲೆ ಮಡಿಕೆ ಬಿದ್ದು ಜೋತಾಡುತ್ತೆ. ಮೇಲಿನ ಬಟನ್ ಹಾಕಿದರೆ ಗಂಟಲಿಗೆ ಒತ್ತುತ್ತೆ ಅಂತ ಅದನ್ನು ಹಾಕೋದೇ ಇಲ್ಲ.

ಅವರ ಅಳತೆ ಹೀಗಿದೆ. ನೆಹರು ಶರ್ಟಿನ ಮೇಲೆ ತೆಗೆದದ್ದು. ಎದೆ 38 ಇಂಚು, ಹೊಟ್ಟೆ 41, ಬೆನ್ನಿನ ಮೇಲೆ ಭುಜದಿಂದ ಭುಜಕ್ಕೆ 16. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಅಮೆರಿಕದ ಪ್ಯಾಟರ್ನ್ ಇಟ್ಟುಕೊಂಡಿದ್ದೇನೆ. ಪೂರ್ತಿ ಸಾದಾ ಹೆಣಿಗೆ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಹಿಂಭಾಗ, ಎರಡು ಮುಂಭಾಗ, ತೋಳು ಎಲ್ಲ ಬೇರೆ ಬೇರೆ ಹೆಣೆದು ಕೊನೆಗೆ ಹೊಲಿಯೋದು. ತಯಾರಾದ ಮೇಲಿನ ಎದೆ ಸುತ್ತು 38, 40, 42, 44 ಅಂತ ನಾಲ್ಕು ಸೈಜ್ ಕೊಟ್ಟಿದ್ದಾರೆ. 4 ಇಂಚಿಗೆ 22 ಕುಣಿಕೆ, 30 ಸಾಲು ಬರಬೇಕು. 6 ನಂಬರ್ ಕಡ್ಡಿ ಅಂತ ಬರೆದಿದೆ. ಚೌಬಾರಾ ಹತ್ತಿರದ ಅಂಗಡಿಯಲ್ಲಿ 6 ನಂಬರ್ ಕಡ್ಡಿ ಕೊಂಡು ಸ್ಯಾಂಪಲ್ ಹೆಣೆದೆ. 4 ಇಂಚಿಗೆ 18 ಕುಣಿಕೆ ಬರುತ್ತಿದೆ, ಬಟ್ಟೆ ಜಾಳುಜಾಳಾಗಿದೆ.

ಯಾವ ಸೈಜ್ ಹಿಡಿಯಲಿ? ಬೆನ್ನಿಗೆ ಮಾತ್ರ ಉದ್ದ ಜಾಸ್ತಿ ಮಾಡಲು ಬರುತ್ತಾ? ತಿಳಿದವರು ಬಿಡಿಸಿ ಹೇಳಿ.

ಸೂಪರ್ ಮಾರ್ಕೆಟ್ ಟೇಲರ್, ಕಲಬುರಗಿ

ಅಕ್ಕಾರೆ, ನನ್ನದು ಬಟ್ಟೆ ಹೊಲಿಯುವ ಕೆಲಸ. ಹೆಣಿಗೆ ನನ್ನ ಹೆಂಡತಿ ಮಾಡ್ತಾಳೆ. ವಯಸ್ಸಾದವರಿಗೆ ಯಾವಾಗಲೂ ಒಂದು ಸೈಜ್ ದೊಡ್ಡದು ಮಾಡೋದು ಒಳ್ಳೆಯದು. ಹಾಕೋಕೂ ತೆಗೆಯೋಕೂ ಸಲೀಸು. ಹೊಟ್ಟೆ 41 ಇದೆ ಅಂದರೆ 44 ಹಿಡಿಯಿರಿ. ಹಿಂದೆ ಮೇಲಕ್ಕೆ ಹೋಗುತ್ತೆ ಅಂದರೆ ಒಟ್ಟು ಉದ್ದವನ್ನೇ 2 ಇಂಚು ಜಾಸ್ತಿ ಮಾಡಿಬಿಡಿ.

ಹಳೇ ಕಡ್ಡಿ, ಬೀದರ್

ತಂಗೀ, 44 ಹಿಡಿಯಬೇಡ. ಟೇಲರ್ ಅಣ್ಣನವರು ಹೇಳಿದ್ದು ಅಂಗಿಗೆ ನಡೆಯುತ್ತೆ. ಅಂಗಿ ಬಟ್ಟೆ ಹಿಗ್ಗೋದಿಲ್ಲ, ಅದಕ್ಕೆ ಸಡಿಲ ಬೇಕೇ ಬೇಕು. ಹೆಣಿಗೆ ತನ್ನ ಭಾರಕ್ಕೇ ಕೆಳಗೆ ಜಗ್ಗುತ್ತೆ. ಭುಜ ದೊಡ್ಡದಾದರೆ ತೋಳಿನ ಹೊಲಿಗೆ ಮೊಣಕೈ ಕಡೆಗೆ ಇಳಿಯುತ್ತೆ, ಕತ್ತು ಅಗಲವಾಗುತ್ತೆ, ಪೂರ್ತಿ ಸ್ವೆಟರ್ ಹಿಂದಕ್ಕೆ ಸರಿಯುತ್ತೆ. ಒಟ್ಟು ಉದ್ದ ಹೆಚ್ಚಿಸಿದರೆ ಮುಂದೆಯೂ 2 ಇಂಚು ಹೆಚ್ಚುತ್ತೆ. ಈಗಾಗಲೇ ಮುಂದೆ ಜೋತಾಡುತ್ತಿದೆ ಅಂತ ನೀನೇ ಹೇಳಿದ್ದೀಯಲ್ಲ. ಅವರಿಗೆ ಬಟ್ಟೆ ಕಡಿಮೆ ಬಿದ್ದಿರೋದು ಎರಡೇ ಕಡೆ. ಬೆನ್ನಿನ ಗೂನು ಇರುವಲ್ಲಿ, ಹೊಟ್ಟೆ ಇರುವಲ್ಲಿ. ಅಲ್ಲಿಗೆ ಮಾತ್ರ ಬಟ್ಟೆ ಕೊಡಬೇಕು. ಬೇರೆ ಕಡೆ ಒಂದು ಕುಣಿಕೆಯೂ ಜಾಸ್ತಿ ಬೇಡ.

ಮೊದಲು ಕಡ್ಡಿಯ ವಿಷಯ. ಅಮೆರಿಕದ ನಂಬರೇ ಬೇರೆ, ನಮ್ಮ ಅಂಗಡಿಯ ನಂಬರೇ ಬೇರೆ. ನಮ್ಮಲ್ಲಿ ಹಳೇ ಇಂಗ್ಲಿಷ್ ಲೆಕ್ಕ ಇನ್ನೂ ನಡೀತಾ ಇದೆ. ನಂಬರ್ ಏರಿದ ಹಾಗೆ ಕಡ್ಡಿ ಸಣ್ಣದಾಗುತ್ತೆ. ನಮ್ಮ 6 ನಂಬರ್ ಅಂದರೆ 5 ಮಿ.ಮೀ., 8 ನಂಬರ್ ಅಂದರೆ 4 ಮಿ.ಮೀ., 10 ಅಂದರೆ 3.25. ಅಮೆರಿಕದಲ್ಲಿ ತಿರುಗಾಮುರುಗಾ. ಅವರ 6 ನಂಬರ್ 4 ಮಿ.ಮೀ., ಅವರ 8 ನಂಬರ್ 5 ಮಿ.ಮೀ. ಅದಕ್ಕೇ ನಿನಗೆ ಜಾಳುಜಾಳಾಗಿ ಬಂದಿದೆ. ಅಂಗಡಿಯಲ್ಲಿ 8 ನಂಬರ್ ಕೇಳು. ಪ್ಯಾಟರ್ನ್ ಎಲ್ಲಿಯದೇ ಆಗಲಿ, ಮಿ.ಮೀ. ಮಾತ್ರ ನಂಬು.

ಮತ್ತೆ ಸ್ಯಾಂಪಲ್ ಹೆಣೆ. ಅಂಚಿನಲ್ಲಿ ಅಳೆಯಬೇಡ. 6 ಇಂಚು ಚೌಕ ಹೆಣೆದು, ತೊಳೆದು, ಒಣಗಿಸಿ, ನಡುವಿನ 4 ಇಂಚು ಮಾತ್ರ ಅಳೆ. ಒಂದು ಇಂಚಿಗೆ ಅರ್ಧ ಕುಣಿಕೆ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ ನೋಡು. ಇಂಚಿಗೆ ಐದೂವರೆ ಬಂದರೆ 220 ಕುಣಿಕೆಗೆ 40 ಇಂಚು ಸುತ್ತಳತೆ. ಇಂಚಿಗೆ ಐದೇ ಬಂದರೆ ಅದೇ 220 ಕುಣಿಕೆ 44 ಇಂಚು. ಪ್ಯಾಟರ್ನಿನ ತಪ್ಪಿಲ್ಲದೆ ಒಂದು ಸೈಜ್ ಅಲ್ಲ, ಎರಡು ಸೈಜ್ ದೊಡ್ಡದಾಗಿಬಿಡುತ್ತೆ.

ಈಗ ಸೈಜ್. ಎದೆಯನ್ನೂ ಹೊಟ್ಟೆಯನ್ನೂ ನೋಡಿ ಸೈಜ್ ಹಿಡಿಯಬೇಡ, ಭುಜ ನೋಡಿ ಹಿಡಿ. ಪ್ಯಾಟರ್ನಿನ ಕೊನೆಗೆ ಅಳತೆಯ ಚಿತ್ರ ಇರುತ್ತೆ. ಅದರಲ್ಲಿ ಬೆನ್ನಿನ ಭುಜದ ಅಗಲ 16 ಯಾವ ಸೈಜಿಗೆ ಇದೆಯೋ ಅದೇ ಅವರ ಸೈಜ್. ಹೊಟ್ಟೆಗೆ ಆಮೇಲೆ ಸೇರಿಸೋಣ. ಭುಜ ಕೆಟ್ಟರೆ ಆಮೇಲೆ ಏನು ಮಾಡಿದರೂ ಸರಿಹೋಗೋದಿಲ್ಲ. ಹೊಟ್ಟೆ, ಸೊಂಟ, ಉದ್ದ, ತೋಳು ಎಲ್ಲ ದಾರಿಗೆ ಬರುತ್ತವೆ.

ಇನ್ನೊಂದು ಅಳತೆ ಬೇಕು ನನಗೆ. ಮಾವನವರನ್ನು ನೆಟ್ಟಗೆ ನಿಲ್ಲಿಸಿ ಅಳೆಯಬೇಡ. ಅಳತೆ ಅಂದ ಕೂಡಲೇ ಹಿರಿಯರು ಎದೆ ಸೆಟೆದು ನಿಲ್ಲುತ್ತಾರೆ. ಆಮೇಲೆ ಸ್ವೆಟರ್ ಹಾಕಿಕೊಳ್ಳೋದು ಬಾಗಿದ ಬೆನ್ನಿನ ಮೇಲೆ. ಅವರು ಪೇಪರ್ ಓದುತ್ತಾ ಇರುವಾಗಲೋ, ಮಾತಾಡುತ್ತಾ ನಿಂತಿರುವಾಗಲೋ ಅಳೆ. ಸ್ವೆಟರಿನ ಅಂಚು ಎಲ್ಲಿ ಬರಬೇಕೋ ಅಲ್ಲಿ ಸೊಂಟದ ಸುತ್ತ ಒಂದು ದಾರ ಕಟ್ಟು. ದಾರ ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಲಿ. ಕುತ್ತಿಗೆಯ ಹಿಂದೆ, ತಲೆ ತಗ್ಗಿಸಿದಾಗ ಎದ್ದು ಕಾಣುವ ಮೂಳೆ ಇದೆಯಲ್ಲ, ಅಲ್ಲಿಂದ ಬೆನ್ನಿನ ಬಾಗಿನ ಮೇಲೆಯೇ ಟೇಪ್ ಇಳಿಸಿ ದಾರದವರೆಗೆ ಅಳೆ. ಟೇಪ್ ಗಾಳಿಯಲ್ಲಿ ನಿಲ್ಲಬಾರದು, ಬೆನ್ನಿಗೆ ಅಂಟಿಕೊಂಡೇ ಹೋಗಬೇಕು. ಆಮೇಲೆ ಕಂಕುಳಿಂದ ದಾರದವರೆಗೆ ಪಕ್ಕದ ಉದ್ದ. ಗೂನು ಎಲ್ಲಿ ಶುರುವಾಗುತ್ತೆ, ಎಲ್ಲಿ ಜಾಸ್ತಿ ಇದೆ ಅಂತ ಹಳೇ ಅಂಗಿಯ ಮೇಲೆ ಟೇಲರ್ ಚಾಕಿನಿಂದ ಗುರುತು ಹಾಕಿಕೋ. ಇವೆಲ್ಲ ತೆಗೆದು ಬರಿ, ಮುಂದಿನ ಲೆಕ್ಕ ಕೂಡಿ ಹಾಕೋಣ.

ಬೀದರ್ ಸೊಸೆ

ಅಕ್ಕಾ, 8 ನಂಬರ್ ಕಡ್ಡಿಯಲ್ಲಿ ಹೆಣೆದೆ. ತೊಳೆದು ಒಣಗಿಸಿದ ಮೇಲೆ 4 ಇಂಚಿಗೆ ಸರಿಯಾಗಿ 22 ಕುಣಿಕೆ ಬಂತು. ಸಾಲು ಮಾತ್ರ 30 ಬರಬೇಕಾದಲ್ಲಿ 28 ಬರುತ್ತಿದೆ. ಇದು ತೊಂದರೆನಾ?

ಭುಜ 16 ಇರೋದು 40 ಸೈಜಿಗೆ. ಕತ್ತಿನ ಮೂಳೆಯಿಂದ ಬೆನ್ನಿನ ಮೇಲೆ ದಾರದವರೆಗೆ 27 ಇಂಚು ಬಂತು. ಪ್ಯಾಟರ್ನಿನಲ್ಲಿ 40 ಸೈಜಿನ ಹಿಂಭಾಗ ಬರೀ ಇಪ್ಪತ್ನಾಲ್ಕೂವರೆ! ಈ ಎರಡೂವರೆ ಇಂಚು ಎಲ್ಲಿ ಹೋಗುತ್ತಿತ್ತು ಅಂತ ಈಗ ಗೊತ್ತಾಯಿತು. ಕಂಕುಳಿಂದ ಕೆಳಗೆ ಹದಿನೈದೂವರೆ ಇದೆ, ಪ್ಯಾಟರ್ನಿನಲ್ಲೂ ಅಷ್ಟೇ. ಗೂನು ಕಂಕುಳ ಮಟ್ಟದಲ್ಲಿ ಶುರುವಾಗಿ ಅಲ್ಲಿಂದ ಮೂರು ನಾಲ್ಕು ಇಂಚು ಮೇಲೆ ಜಾಸ್ತಿ ಇದೆ. ಅಳತೆ ತೆಗೆಯುವಾಗ ಮಾವನವರು "ನನಗೆ ಯಾಕಮ್ಮಾ ಇಷ್ಟೊಂದು" ಅಂದರು. ಆಮೇಲೆ ಬಣ್ಣ ಮಾತ್ರ ಬೂದಿ ಬಣ್ಣ ಇರಲಿ ಅಂತ ಅವರೇ ಹೇಳಿದರು.

ಹಳೇ ಕಡ್ಡಿ, ಬೀದರ್

ಬಣ್ಣ ಹೇಳಿದರು ಅಂದರೆ ಮನಸ್ಸಿನಿಂದ ಹಾಕಿಕೊಳ್ಳುತ್ತಾರೆ ಬಿಡು. ಬೂದಿ ಬಣ್ಣ ಧೋತ್ರಕ್ಕೂ ಚೆನ್ನಾಗಿ ಒಪ್ಪುತ್ತೆ.

ಅಗಲಕ್ಕೆ 22 ಬಂತಲ್ಲ, ಸಾಕು. ಸಾಲಿನ ವ್ಯತ್ಯಾಸಕ್ಕೆ ಹೆದರಬೇಡ. ಇಂಚಿಗೆ 7 ಸಾಲು ಅಂತ ಮನಸ್ಸಿನಲ್ಲಿಟ್ಟುಕೋ. ಪ್ಯಾಟರ್ನಿನಲ್ಲಿ "ಇಷ್ಟು ಇಂಚು ಹೆಣೆಯಿರಿ" ಅಂತ ಇರುವಲ್ಲಿ ಏನೂ ಬದಲಾಯಿಸಬೇಕಿಲ್ಲ. "ಇಷ್ಟು ಸಾಲು ಹೆಣೆಯಿರಿ" ಅಂತ ಇರುವಲ್ಲಿ ಮಾತ್ರ ಇಂಚಿಗೆ ತಿರುಗಿಸಿಕೋ. ಪ್ಯಾಟರ್ನಿನ 60 ಸಾಲು ಅಂದರೆ 8 ಇಂಚು. ನಿನಗೆ 8 ಇಂಚಿಗೆ 56 ಸಾಲು ಸಾಕು.

ಈಗ ಬೆನ್ನು. ಪಕ್ಕದ ಉದ್ದ ಪ್ಯಾಟರ್ನಿನಷ್ಟೇ ಇದೆ, ನಡುಬೆನ್ನಿಗೆ ಎರಡೂವರೆ ಇಂಚು ಕಡಿಮೆ ಇದೆ. ಅಂದರೆ ಅಂಚು ಹಾಗೇ ಇರಬೇಕು, ನಡುವೆ ಮಾತ್ರ ಬಟ್ಟೆ ಬೆಳೆಯಬೇಕು. ಇದಕ್ಕೆ ಅರ್ಧ ಸಾಲು ಹೆಣೆಯೋದು ಅಂತ ಒಂದು ವಿಧಾನ ಇದೆ. ಸಾಲಿನ ಕೊನೆಯವರೆಗೂ ಹೋಗದೆ ನಡುವೆಯೇ ತಿರುಗಿ ವಾಪಸ್ ಬರೋದು. ಸಾಕ್ಸಿನ ಹಿಮ್ಮಡಿ ಹೆಣೆದಿದ್ದರೆ ನಿನಗೆ ಇದರ ರುಚಿ ಗೊತ್ತಿರುತ್ತೆ. ಅಲ್ಲಿ ಹಿಮ್ಮಡಿಗೆ ಬಟ್ಟಲಿನ ಹಾಗೆ ಗುಂಡಗೆ ಬರುತ್ತೆ, ಇಲ್ಲಿ ಬೆನ್ನಿಗೆ ಬರುತ್ತೆ.

ಎರಡೂವರೆ ಇಂಚನ್ನೂ ಒಂದೇ ಕಡೆ ಹಾಕಬೇಡ, ಗಂಟು ಕಟ್ಟಿದ ಹಾಗೆ ಕಾಣುತ್ತೆ. ಅರ್ಧ ಇಂಚು ಭುಜದಲ್ಲಿ ಕೊಡೋಣ, ಅದನ್ನು ಆಮೇಲೆ ಹೇಳುತ್ತೇನೆ. ಉಳಿದದ್ದು 2 ಇಂಚು. ಇಂಚಿಗೆ 7 ಸಾಲಿನ ಹಾಗೆ 14 ಸಾಲು. ಹೋಗಿ ಬರೋದು ಸೇರಿ ಎರಡು ಸಾಲಿಗೆ ಒಂದು ಜೋಡಿ, ಒಟ್ಟು 7 ಜೋಡಿ. ಗೂನು ಶುರುವಾಗುವಲ್ಲಿ 4 ಜೋಡಿ, ಜಾಸ್ತಿ ಇರುವಲ್ಲಿ 3 ಜೋಡಿ ಹಾಕು.

40 ಸೈಜಿನ ಹಿಂಭಾಗ 20 ಇಂಚು ಅಗಲ, ನಿನ್ನ ಕಡ್ಡಿಯಲ್ಲಿ 110 ಕುಣಿಕೆ. ಕೆಳಗಿನಿಂದ 15 ಇಂಚು ಆಗುವವರೆಗೆ, ಅಂದರೆ ಕಂಕುಳಿಗೆ ಕುಣಿಕೆ ಇಳಿಸೋದಕ್ಕಿಂತ ಅರ್ಧ ಇಂಚು ಮೊದಲು, ಪ್ಯಾಟರ್ನಿನ ಹಾಗೇ ಹೋಗು. ಅಲ್ಲಿ ಮೊದಲ ಗುಂಪು. ಸೀದಾ ಬದಿ ಹೆಣೆಯುತ್ತಾ ಹೋಗಿ ಕೊನೆಗೆ 20 ಕುಣಿಕೆ ಉಳಿದಾಗ ತಿರುಗು. ಉಲ್ಟಾ ಹೆಣೆಯುತ್ತಾ ಬಂದು ಆ ಕಡೆಯೂ 20 ಉಳಿದಾಗ ತಿರುಗು. ಒಂದು ಜೋಡಿ ಆಯಿತು. ಮುಂದಿನ ಜೋಡಿಗೆ ಎರಡೂ ಕಡೆ 26 ಬಿಡು, ಆಮೇಲೆ 32, ಆಮೇಲೆ 38. ನಾಲ್ಕನೇದಕ್ಕೆ ನಡುವೆ 34 ಕುಣಿಕೆ ಮಾತ್ರ ಹೆಣೆಯುತ್ತೀಯ. ಇದಾದ ಮೇಲೆ ಪೂರ್ತಿ ಸಾಲು ಹೆಣೆದು ಮಾಮೂಲಿ ದಾರಿಗೆ ಬಾ, ಕಂಕುಳಿಗೆ ಕುಣಿಕೆ ಇಳಿಸು. ಇಳಿಸಿದ ಮೇಲೆ 16 ಇಂಚಿಗೆ 88 ಕುಣಿಕೆ ಉಳಿಯುತ್ತೆ. ಅಲ್ಲಿಂದ 3 ಇಂಚು ಮೇಲೆ ಎರಡನೇ ಗುಂಪು. ಎರಡೂ ಕಡೆ 14, 20, 26 ಬಿಡುತ್ತಾ 3 ಜೋಡಿ.

ತಿರುಗುವ ಜಾಗದಲ್ಲಿ ತೂತು ಬೀಳುತ್ತೆ. ಇಲ್ಲಿ ಸ್ವಲ್ಪ ನಿಧಾನಿಸು. ತಿರುಗುವ ಮೊದಲು, ಹೆಣೆಯದೆ ಬಿಟ್ಟ ಮುಂದಿನ ಕುಣಿಕೆಯನ್ನು ಹಾಗೇ ಬಲಗಡ್ಡಿಗೆ ಜಾರಿಸು. ಹಿಂದಿರುವ ದಾರ ಮುಂದಕ್ಕೆ ತಾ. ಕುಣಿಕೆಯನ್ನು ಎಡಗಡ್ಡಿಗೆ ವಾಪಸ್ ಹಾಕು. ಈಗ ದಾರ ಅದರ ಕೊರಳಿಗೆ ಸುತ್ತಿಕೊಂಡಿರುತ್ತೆ. ಆಮೇಲೆ ತಿರುಗು. ಉಲ್ಟಾ ಬದಿಯಲ್ಲಿ ದಾರ ಮುಂದೆ ಇರುತ್ತೆ, ಅದನ್ನು ಹಿಂದಕ್ಕೆ ಒಯ್ಯಬೇಕು, ಅಷ್ಟೇ ವ್ಯತ್ಯಾಸ. ಗುಂಪು ಮುಗಿದು ಪೂರ್ತಿ ಸಾಲು ಹೆಣೆಯುವಾಗ ಆ ಸುತ್ತಿದ ದಾರವನ್ನೂ ಕಡ್ಡಿಯಿಂದ ಎತ್ತಿ ಕುಣಿಕೆ ಜೊತೆ ಸೇರಿಸಿಯೇ ಹೆಣೆ. ದಾರ ಬಿಗಿಯಾಗಿ ಎಳೆದರೆ ಅಲ್ಲಿ ಚುಕ್ಕಿ ಬಿದ್ದ ಹಾಗೆ ಕುಗ್ಗುತ್ತೆ, ಸಡಿಲ ಬಿಟ್ಟರೆ ತೂತು. ಮೊದಲ ಜೋಡಿಯಲ್ಲೇ ಕೈಗೆ ಹದ ಸಿಗುತ್ತೆ. ಗುಂಪು ಶುರು ಮಾಡುವ ಮೊದಲು ಬೇರೆ ಬಣ್ಣದ ಹೊಲಿಗೆ ದಾರವನ್ನು ಸೂಜಿಗೆ ಪೋಣಿಸಿ ಆ ಸಾಲಿನ ಎಲ್ಲ ಕುಣಿಕೆಗಳ ಒಳಗಿಂದ ಹಾಯಿಸಿ ಬಿಡು. ಬಿಚ್ಚಬೇಕಾಗಿ ಬಂದರೆ ಅಲ್ಲಿಯವರೆಗೆ ಮಾತ್ರ ಬಿಚ್ಚುತ್ತೆ, ಕೆಳಗೆ ಜಾರೋದಿಲ್ಲ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಏನಂದರೆ, ಅಂಚಿನ ಸಾಲುಗಳ ಲೆಕ್ಕ ಬದಲಾಗೋದೇ ಇಲ್ಲ. ಪಕ್ಕದ ಹೊಲಿಗೆ ಮುಂಭಾಗಕ್ಕೆ ಸರಿಯಾಗಿ ಕೂಡುತ್ತೆ. ಕಂಕುಳ ಸುತ್ತಳತೆ ಅಷ್ಟೇ ಇರುತ್ತೆ, ಹಾಗಾಗಿ ತೋಳಿನ ತಲೆಯನ್ನು, ಅಂದರೆ ಭುಜಕ್ಕೆ ಕೂಡುವ ಮೇಲಿನ ಗುಂಡು ಭಾಗವನ್ನು, ಮುಟ್ಟಬೇಕಿಲ್ಲ.

ಈಗ ಭುಜ. ಅವರ ಭುಜ ಮುಂದಕ್ಕೆ ಬಾಗಿದೆ, ಭುಜದ ಹೊಲಿಗೆಯೂ ಮುಂದಕ್ಕೆ ಬರಬೇಕು. ಹಿಂಭಾಗವನ್ನು ಕಂಕುಳಿಂದ ಭುಜದವರೆಗೆ ಅರ್ಧ ಇಂಚು ಜಾಸ್ತಿ ಹೆಣೆ. ಎರಡು ಮುಂಭಾಗಗಳನ್ನೂ ಅರ್ಧ ಇಂಚು ಕಡಿಮೆ ಹೆಣೆ. ಒಂದು ಕಡೆ ಕೂಡಿಸಿ ಇನ್ನೊಂದು ಕಡೆ ಕಳೆದದ್ದರಿಂದ ಸುತ್ತಳತೆ ಮತ್ತೆ ಅಷ್ಟೇ. ತೋಳು ಹೊಲಿಯುವಾಗ ತೋಳಿನ ನಡುಗುರುತನ್ನು ಭುಜದ ಹೊಲಿಗೆಗೆ ಕೂಡಿಸಬೇಡ, ಅದರಿಂದ ಅರ್ಧ ಇಂಚು ಹಿಂದಕ್ಕೆ ಕೂಡಿಸು. ಮುಂದೆ 4 ಸಾಲು ಕಡಿಮೆಯಾಗುತ್ತೆ, ವಿ ಕುತ್ತಿಗೆಗೆ ಕುಣಿಕೆ ಇಳಿಸೋದನ್ನು ಅಷ್ಟೇ ಬೇಗ ಮುಗಿಸಬೇಕು. ಒಂದೆರಡು ಸಲ 4 ಸಾಲಿಗೆ ಬದಲು 2 ಸಾಲಿಗೇ ಇಳಿಸಿಬಿಡು, ಕಣ್ಣಿಗೆ ಕಾಣೋದಿಲ್ಲ. ಗಂಟಲಿಗೆ ಒತ್ತುವ ಸಂಕಟ ಇದರಿಂದಲೂ, ಬೆನ್ನಿಗೆ ಉದ್ದ ಸಿಕ್ಕಿದ್ದರಿಂದಲೂ ಹೋಗುತ್ತೆ. ಹಿಂದೆ ಬಟ್ಟೆ ಸಾಲದೆ ಕತ್ತನ್ನು ಹಿಂದಕ್ಕೆ ಎಳೆಯುತ್ತಿತ್ತು, ಅಷ್ಟೇ.

ಹೊಟ್ಟೆಗೆ 41 ಇದೆ, ಸಡಿಲ ಸೇರಿ 43 ಬೇಕು. 40 ಸೈಜಿಗೆ 3 ಇಂಚು ಸೇರಿಸಬೇಕು, ಒಂದೊಂದು ಮುಂಭಾಗಕ್ಕೆ ಒಂದೂವರೆ. ಅಂದರೆ 8 ಕುಣಿಕೆ. ಕೆಳಗೆ ಶುರು ಮಾಡುವಾಗಲೇ 8 ಕುಣಿಕೆ ಜಾಸ್ತಿ ಹಾಕಿಕೋ. ಮೊದಲ 5 ಇಂಚು ಹಾಗೇ ನೇರ ಹೋಗು. ಆಮೇಲೆ 6 ಸಾಲಿಗೆ ಒಂದರಂತೆ ಎರಡು ಕುಣಿಕೆಯನ್ನು ಒಂದಾಗಿ ಹೆಣೆಯುತ್ತಾ 8 ಇಳಿಸು. 48 ಸಾಲು, 7 ಇಂಚಿಗಿಂತ ಕೊಂಚ ಕಡಿಮೆ. ಕಂಕುಳಿಗೆ ಬರುವಷ್ಟರಲ್ಲಿ ಪ್ಯಾಟರ್ನಿನ ಕುಣಿಕೆ ಲೆಕ್ಕಕ್ಕೇ ಬಂದಿರುತ್ತೀಯ. ಇಳಿಸೋದು ಪಕ್ಕದ ಅಂಚಿನಲ್ಲಿ ಬೇಡ, ಪಕ್ಕದ ಹೊಲಿಗೆ ಮುಂದಕ್ಕೆ ವಾಲುತ್ತೆ. ಬಟನ್ ಪಟ್ಟಿಗೂ ಪಕ್ಕಕ್ಕೂ ನಡುವೆ ಒಂದು ಕಡೆ ಗುರುತಿಟ್ಟುಕೊಂಡು ಅಲ್ಲೇ ಇಳಿಸುತ್ತಾ ಬಾ. ಬ್ಲೌಸಿಗೆ ಡಾಟ್ ಹಿಡಿಯುತ್ತೀವಲ್ಲ, ಅದೇ ಕೆಲಸ ಇಲ್ಲಿ ಹೊಲಿಗೆ ಇಲ್ಲದೆ ಆಗುತ್ತೆ.

ತೋಳಿನ ಉದ್ದ ಮೊಣಕೈ ಮಡಚಿಸಿ ಅಳೆ. ಉದ್ದ ಕಡಿಮೆ ಮಾಡಬೇಕಾದರೆ ಕೈಪಟ್ಟಿ ಮೇಲಿನ ಭಾಗದಲ್ಲಿ ಕುಣಿಕೆ ಹೆಚ್ಚಿಸುವ ಸಾಲುಗಳನ್ನು ಸ್ವಲ್ಪ ಹತ್ತಿರ ತಾ, ತೋಳಿನ ತಲೆಯಲ್ಲಿ ಕತ್ತರಿ ಆಡಿಸಬೇಡ. ಗುಡಿಯಲ್ಲಿ ಕೈಕಾಲು ತೊಳೆಯುವವರಿಗೆ ಮಣಿಕಟ್ಟಿಗಿಂತ ಅರ್ಧ ಇಂಚು ಮೇಲೆ ನಿಂತರೆ ಒಳ್ಳೆಯದು, ಪಟ್ಟಿ ಒದ್ದೆಯಾಗೋದಿಲ್ಲ.

ನನಗೆ ಇದನ್ನೆಲ್ಲ ಕಲಿಸಿದವರು ಇಲ್ಲಿ ಏರ್‌ಫೋರ್ಸ್ ಸ್ಟೇಷನ್ನಿನಲ್ಲಿ ಗಂಡನ ಕೆಲಸಕ್ಕೆ ಬಂದಿದ್ದ ಒಬ್ಬ ಪಂಜಾಬಿ ಅಕ್ಕ. ಕಾಗದ ಪೆನ್ನು ಮುಟ್ಟುತ್ತಿರಲಿಲ್ಲ. ಹೆಣೆಯುತ್ತಿರುವ ತುಂಡನ್ನು ತಂದು ಹಾಕಿಕೊಳ್ಳುವವರ ಬೆನ್ನಿಗೆ ಹಿಡಿದು ನೋಡುತ್ತಿದ್ದರು, ಮತ್ತೆ ಹೋಗಿ ಹೆಣೆಯುತ್ತಿದ್ದರು. ನೀನೂ ಹಿಂಭಾಗವನ್ನೇ ಮೊದಲು ಹೆಣೆ. ಎರಡನೇ ಗುಂಪು ಆದ ಕೂಡಲೇ ಕುಣಿಕೆಗಳನ್ನು ದಾರಕ್ಕೆ ಇಳಿಸಿ ಮಾವನವರ ಬೆನ್ನ ಮೇಲೆ ಹಾಕಿ ನೋಡು. ಬಟ್ಟೆ ಗೂನಿನ ಮೇಲೆ ಸುಮ್ನೆ ಮಲಗಿರಬೇಕು. ಬಿಗಿದು ಅಡ್ಡ ಗೆರೆ ಬಿದ್ದರೆ ಇನ್ನೊಂದು ಜೋಡಿ ಬೇಕು ಅಂತ ಅರ್ಥ. ಕತ್ತಿನ ಕೆಳಗೆ ಉಬ್ಬಿದರೆ ಒಂದು ಜೋಡಿ ಜಾಸ್ತಿಯಾಗಿದೆ.

ಸೂಪರ್ ಮಾರ್ಕೆಟ್ ಟೇಲರ್, ಕಲಬುರಗಿ

ಅಮ್ಮಾರೆ, ಭುಜ ಮುಂದಕ್ಕೆ ತರೋದು ನಮ್ಮಲ್ಲೂ ಹೀಗೇ. ಬಾಗಿದ ಬೆನ್ನಿನವರ ಕೋಟಿಗೆ ಹಿಂದೆ ಕೂಡಿಸಿ ಮುಂದೆ ಕಳೆಯುತ್ತೇವೆ. ಹೆಣಿಗೆಯಲ್ಲಿ ಬಟ್ಟೆಯನ್ನೇ ಗುಂಡಗೆ ಬೆಳೆಸಬಹುದು ಅಂತ ಗೊತ್ತಿರಲಿಲ್ಲ. ಮನೆಯಲ್ಲಿ ಓದಿ ಹೇಳಿದೆ, ಆಕೆ ಆಗಲೇ ಕಡ್ಡಿ ಹುಡುಕುತ್ತಿದ್ದಾಳೆ.

ಶಹಾಪುರದ ಸಿಸ್ಟರ್, ಯಾದಗಿರಿ ಜಿಲ್ಲೆ

ಬೀದರ್ ಸೊಸೆಗೆ ಒಂದು ಮಾತು. ನೂಲು ಯಾವುದು ಅಂತ ಹೇಳಿಲ್ಲ ನೀವು. ಅಳತೆ ಎಷ್ಟೇ ಸರಿ ಹಾಕಿದರೂ ನೂಲಿನ ಗುಣ ನೋಡದಿದ್ದರೆ ತೊಳೆದ ಮೇಲೆ ಬೇರೆಯೇ ಆಗುತ್ತೆ.

ನಿಜವಾದ ಉಣ್ಣೆಯಾದರೆ ಒದ್ದೆ ಮಾಡಿದಾಗ ಸಡಿಲಾಗುತ್ತೆ. ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಾಪೆ ಮೇಲೆ ಅಳತೆಗೆ ಸರಿಯಾಗಿ ಹರಡಿ ಒಣಗಿಸಿದರೆ ಆ ಆಕಾರಕ್ಕೇ ಕೂಡುತ್ತೆ. ಬೆನ್ನಿನ ಗುಂಡಗಿನ ಭಾಗದ ಕೆಳಗೆ ಮಡಚಿದ ಟವೆಲ್ ಇಡಿ, ಚಪ್ಪಟೆ ಒತ್ತಿಬಿಡಬೇಡಿ. ಬಿಸಿ ನೀರಿಗೆ ಹಾಕಿ ತಿಕ್ಕಿದರೆ ಮಾತ್ರ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತೆ, ಮತ್ತೆ ಬಿಡೋದಿಲ್ಲ. ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡೋದು ಬಹಳ ಸಲ ಅಕ್ರಿಲಿಕ್ ಆಗಿರುತ್ತೆ. ಸುತ್ತಿನ ಲೇಬಲ್ ಓದಿ ನೋಡಿ. ಅದು ಉಣ್ಣೆಯ ಹಾಗೆ ನೀರಿಗೆ ಬಗ್ಗೋದಿಲ್ಲ. ಹೆಣೆಯುವಾಗ ಯಾವ ಅಳತೆ ಬಂತೋ ಹೆಚ್ಚುಕಡಿಮೆ ಅದೇ ಉಳಿಯುತ್ತೆ. ಅದರ ಮೇಲೆ ಇಸ್ತ್ರಿ ಇಡಲೇಬೇಡಿ. ಬಿಸಿ ತಾಗಿದರೆ ನೂಲು ಸೋತು ಜೀವ ಇಲ್ಲದ ಹಾಗೆ ಜೋತುಬೀಳುತ್ತೆ, ಬಾರ್ಡರಿನ ಬಿಗಿ ಹೋಗುತ್ತೆ, ಮತ್ತೆ ಬರೋದಿಲ್ಲ.

ನಮ್ಮ ಕಡೆ ಇಷ್ಟು ಚಳಿ ಇರೋದಿಲ್ಲ. ನಮ್ಮ ಅವ್ವನಿಗೆ ಹತ್ತಿ ನೂಲಿನಲ್ಲೇ ಹಾಫ್ ಸ್ವೆಟರ್ ಹಾಕುತ್ತೇನೆ. ಸೀರೆ ಸೆರಗಿನ ಒಳಗೆ ಕೂಡುತ್ತೆ, ಸೆಕೆ ಅನ್ನಿಸೋದಿಲ್ಲ. ಹತ್ತಿ ಭಾರ, ಅದಕ್ಕೆ ಹಿಗ್ಗಿ ಹಿಂದಕ್ಕೆ ಬರುವ ಗುಣ ಕಡಿಮೆ. ತೊಡುತ್ತಾ ತೊಡುತ್ತಾ ಉದ್ದ ಇಳಿಯುತ್ತೆ. ಸ್ಯಾಂಪಲ್ ತುಂಡನ್ನು ತೊಳೆದು, ಹಗ್ಗಕ್ಕೆ ಕ್ಲಿಪ್ ಹಾಕಿ, ಕೆಳಗಿನ ಅಂಚಿಗೂ ನಾಲ್ಕೈದು ಕ್ಲಿಪ್ ಸಿಕ್ಕಿಸಿ ಒಂದು ರಾತ್ರಿ ನೇತುಹಾಕುತ್ತೇನೆ. ಆಮೇಲೆ ಸಾಲು ಎಣಿಸುತ್ತೇನೆ. ಹತ್ತಿಯಲ್ಲಿ ಹೆಣೆಯುವವರು ಹಿರಿಯಮ್ಮ ಹೇಳಿದ ಅರ್ಧ ಸಾಲಿನ ಲೆಕ್ಕವನ್ನು ಈ ಸಾಲಿನ ಅಳತೆಯಿಂದ ಹಾಕಿಕೊಳ್ಳಿ.

ಇನ್ನೊಂದು, ನನ್ನ ಕೆಲಸದಿಂದ ಹೇಳುತ್ತಿದ್ದೇನೆ. ಬೆನ್ನು ಕೆಲವೇ ತಿಂಗಳಲ್ಲಿ ಇನ್ನಷ್ಟು ಬಾಗಿದ್ದರೆ, ಎತ್ತರ ಇಳಿದಿದ್ದರೆ, ನಡುಬೆನ್ನಿಗೆ ನೋವಿದ್ದರೆ ಒಂದು ಸಲ ಡಾಕ್ಟರಿಗೆ ತೋರಿಸಿ. ಮೂಳೆ ಸವೆದವರಿಗೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರುತ್ತೆ. ವಯಸ್ಸಾಯಿತು ಅಂತ ಬಿಟ್ಟುಬಿಡುತ್ತೇವೆ, ಹಾಗೆ ಬಿಡಬಾರದು.

ಬೀದರ್ ಸೊಸೆ

ಸಿಸ್ಟರ್, ಬಹಳ ಉಪಕಾರ. ಅವರ ಬೆನ್ನು ಹಲವು ವರ್ಷದಿಂದ ಹೀಗೇ ಇದೆ, ನೋವಿಲ್ಲ ಅನ್ನುತ್ತಾರೆ. ಆದರೂ ತೋರಿಸುತ್ತೇವೆ. ನೂಲಿನ ಲೇಬಲ್ ನೋಡಿದೆ. ಉಣ್ಣೆ ಅಕ್ರಿಲಿಕ್ ಎರಡೂ ಬೆರೆತದ್ದು.

ಅಕ್ಕಾ, ಹಿಂಭಾಗ ಎರಡನೇ ಗುಂಪಿನವರೆಗೆ ಬಂದಿದೆ. ದಾರಕ್ಕೆ ಇಳಿಸಿ ಮಾವನವರ ಬೆನ್ನ ಮೇಲೆ ಹಾಕಿದೆ. ಕೆಳಗಿನ ಅಂಚು ನೆಲಕ್ಕೆ ಸಮವಾಗಿ ನಿಂತಿದೆ! ಅತ್ತೆಯವರು ದೂರ ನಿಂತು ನೋಡಿ "ಈಗ ಸೊಂಟ ಮುಚ್ಚಿತು ನೋಡು" ಅಂದರು. ಗೂನಿನ ಮೇಲೆ ಸಣ್ಣದಾಗಿ ಅಡ್ಡ ಗೆರೆ ಬೀಳುತ್ತಿದೆ, ಅದಕ್ಕೆ ಇನ್ನೊಂದು ಜೋಡಿ ಸೇರಿಸುತ್ತಿದ್ದೇನೆ.

ಬಟನ್ ಪಟ್ಟಿಯದೊಂದು ಕೇಳಬೇಕು. ಮಕ್ಕಳ ಸ್ವೆಟರಿಗೆ ಹಾಕಿದಾಗ ಪಟ್ಟಿ ಅಲೆಅಲೆಯಾಗಿ ನಿಲ್ಲುತ್ತಿತ್ತು. ಇದಕ್ಕೂ ಹಾಗೇ ಆಗಬಾರದು. ಇನ್ನು ಮಾವನವರ ಬೆರಳಿಗೆ ಸಣ್ಣ ಬಟನ್ ಸಿಗೋದಿಲ್ಲ.

ಹಳೇ ಕಡ್ಡಿ, ಬೀದರ್

ಅಂಚಿನ ಒಂದೊಂದು ಸಾಲಿಗೂ ಒಂದೊಂದು ಕುಣಿಕೆ ಎತ್ತಿದರೆ ಪಟ್ಟಿ ಅಲೆಯಾಗುತ್ತೆ. ನಿನ್ನ ಹೆಣಿಗೆಯಲ್ಲಿ ಇಂಚಿಗೆ 7 ಸಾಲು, ಆದರೆ ಕುಣಿಕೆ ಐದೂವರೆ. ಹಾಗಾಗಿ 5 ಸಾಲಿಗೆ 4 ಕುಣಿಕೆ ಎತ್ತು. ನಾಲ್ಕು ಎತ್ತಿ ಒಂದು ಬಿಡು, ಹಾಗೇ ಹೋಗು. ವಿ ಕುತ್ತಿಗೆಯ ಓರೆಯಲ್ಲೂ ಅದೇ ಲೆಕ್ಕ. ಕತ್ತಿನ ಹಿಂದೆ ಮಾತ್ರ ಇರುವ ಕುಣಿಕೆ ಎಲ್ಲ ಎತ್ತು. ಪಟ್ಟಿಗೆ ಒಂದೆರಡು ನಂಬರ್ ಸಣ್ಣ ಕಡ್ಡಿ, 9 ಅಥವಾ 10 ತಗೋ. ಕೊನೆಯ ಸಾಲು ಮುಚ್ಚುವಾಗ ಕೈ ಬಿಗಿ ಮಾಡಬೇಡ, ಮುಂಭಾಗ ಮೇಲಕ್ಕೆ ಜಗ್ಗುತ್ತೆ.

ಬಟನ್ 20 ಮಿ.ಮೀ. ಗಿಂತ ಸಣ್ಣದು ಬೇಡ. ನುಣ್ಣಗಿನದು ಬೇಡ, ಅಂಚು ಎದ್ದಿರುವುದು ತಗೋ, ಬೆರಳಿಗೆ ಸಿಗುತ್ತೆ. ಬಟನ್ ಮೊದಲು ಕೊಂಡು ಆಮೇಲೆ ಕಾಜಾ ಹಾಕು. ಒಂದು ಬಟನ್ ಹೊಟ್ಟೆಯ ಅತಿ ಅಗಲದ ಜಾಗಕ್ಕೆ ಸರಿಯಾಗಿ ಬರಬೇಕು. ಅದನ್ನು ಮೊದಲು ಗುರುತು ಮಾಡಿ ಉಳಿದವನ್ನು ಅಲ್ಲಿಂದ ಮೇಲೆ ಕೆಳಗೆ ಸಮ ಹಂಚಿಕೋ, ಕೂತಾಗ ನಡುವೆ ಬಾಯಿ ಬಿಡೋದಿಲ್ಲ. ಬಟನ್ನಿನ ಕೆಳಗೆ ದಾರದಿಂದ ಸ್ವಲ್ಪ ಕಾಲು ಸುತ್ತಿ ಎತ್ತರಿಸಿ ಹೊಲಿ. ಹೆಣಿಗೆ ದಪ್ಪ ಇರುತ್ತೆ, ಒತ್ತಿ ಹೊಲಿದರೆ ಕಾಜಾದೊಳಗೆ ಹೋಗೋದು ಕಷ್ಟ. ಪಟ್ಟಿಯ ಹಿಂದೆ ಅಂಗಿಯ ಸಣ್ಣ ಬಟನ್ ಒಂದನ್ನು ಜೊತೆಗೇ ಸೇರಿಸಿ ಹೊಲಿದರೆ ಹೆಣಿಗೆ ಹರಿಯೋದಿಲ್ಲ.

ಇನ್ನೊಂದು ಜೋಡಿ ಸೇರಿಸುತ್ತೇನೆ ಅಂದೆಯಲ್ಲ, ಅದನ್ನು ಮೇಲಿನ ಗುಂಪಿಗೇ ಸೇರಿಸು. ಎರಡೂ ಕಡೆ 32 ಬಿಡು, ನಡುವೆ 24 ಕುಣಿಕೆ ಉಳಿಯುತ್ತೆ. ಅದನ್ನು ಹಾಕಿ ಮತ್ತೊಮ್ಮೆ ಬೆನ್ನಿಗೆ ಹಿಡಿದು ನೋಡಿದ ಮೇಲೆಯೇ ಭುಜಕ್ಕೆ ಹೋಗು.